ಐನ್‌ಮನೆಯಿಂದ ಬಂದದ್ದನ್ನು ಬಿಡಿಸಿ ಬರೆಯುವ ಕ್ರಮ: ಆಸ್ತಿ, ಹೊಣೆ, ಗುಣ

ಮನೆಯ ಹಿರಿಯರೊಬ್ಬರು ತೀರಿಕೊಂಡು, ಕರ್ಮಾಂತರಗಳೆಲ್ಲ ಮುಗಿದು, ನೆಂಟರು ಹೊರಟುಹೋದ ಮೇಲೆ ಉಳಿದವರ ನಡುವೆ ಮೊದಲು ಏಳುವ ಮಾತು ತೋಟ ಗದ್ದೆಗಳದ್ದು. ಪಹಣಿ ಯಾರ ಹೆಸರಿಗೆ ಹೋಗಬೇಕು, ಈ ವರ್ಷದ ಕಾಫಿ ಯಾರು ಕುಯ್ಯಿಸಬೇಕು, ಬ್ಯಾಂಕಿನ ಸಾಲ ಯಾರ ತಲೆಗೆ ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಆದರೆ ಕೊಡಗಿನಲ್ಲಿ ಹಿರಿಯರಿಂದ ಕಿರಿಯರಿಗೆ ದಾಟುವುದು ಭೂಮಿಯೊಂದೇ ಅಲ್ಲ. ಒಕ್ಕದ, ಅಂದರೆ ಒಂದೇ ಐನ್‌ಮನೆಗೆ (ಮೂಲಮನೆಗೆ) ಸೇರಿದ ಕುಲದ ಹೆಸರು ದಾಟುತ್ತದೆ, ಒಕ್ಕದ ಹಿರಿಯನಾದ ಪಟ್ಟೇದಾರನ ಸ್ಥಾನ ದಾಟುತ್ತದೆ, ಊರ ದೇವಸ್ಥಾನದಲ್ಲಿ ತಕ್ಕರಾಗಿ (ಮುಖ್ಯಸ್ಥರಾಗಿ) ನಿಲ್ಲುವ ಹೊಣೆ ದಾಟುತ್ತದೆ. ಅಜ್ಜಿಯ ಸಕ್ಕರೆ ಕಾಯಿಲೆಯೂ ಅಜ್ಜನ ಮೂಗಿನ ಏಣೂ ಯಾರೂ ಕೇಳದೆಯೇ ದಾಟಿಬಿಟ್ಟಿರುತ್ತವೆ.

ಇವೆಲ್ಲವನ್ನೂ ನಾವು 'ಹಿರಿಯರಿಂದ ಬಂದದ್ದು' ಎಂಬ ಒಂದೇ ಮಾತಿನಲ್ಲಿ ಕಟ್ಟಿಡುತ್ತೇವೆ. ನಾನು ಹತ್ತಿರದಿಂದ ಕಂಡ ದಾಯಾದಿ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಕಟ್ಟನ್ನು ಬಿಚ್ಚದೆ ಇಟ್ಟುಕೊಂಡದ್ದರಿಂದ. ಆಸ್ತಿಯು ಕಾನೂನು ಮತ್ತು ಕಾಗದದ ಮೂಲಕ ಬರುತ್ತದೆ. ಹೊಣೆಯು ಒಬ್ಬರು ಒಪ್ಪಿಕೊಂಡು ನಡೆಸುವುದರಿಂದ ಬರುತ್ತದೆ. ಗುಣವು ಹುಟ್ಟಿನಿಂದ ಬರುತ್ತದೆ. ಮೂರರ ದಾರಿ ಬೇರೆ, ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ. ಆದ್ದರಿಂದ ಒಂದು ದಪ್ಪ ಲೆಕ್ಕದ ಪುಸ್ತಕವನ್ನು ತಂದು ಮೂರು ಭಾಗ ಮಾಡಿ, ಬಂದದ್ದನ್ನೆಲ್ಲ ಅದರದರ ಭಾಗದಲ್ಲಿ ಬರೆದಿಡಬೇಕು ಎಂಬುದು ನನ್ನ ಸಲಹೆ.

ಯಾವುದು ಎಲ್ಲಿಗೆ ಸೇರುತ್ತದೆಂದು ಗೊಂದಲವಾದಾಗ ದತ್ತು ಬಂದ ಮಗುವನ್ನು ನೆನೆದುಕೊಂಡರೆ ಸಾಕು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ಕ್ರಮಬದ್ಧವಾಗಿ ದತ್ತು ಪಡೆದ ಮಗು ಆ ಮನೆಯ ಮಗುವೇ. ಆಸ್ತಿಯಲ್ಲಿ ಅದಕ್ಕೆ ಪೂರ್ಣ ಹಕ್ಕಿದೆ, ಮನೆಯ ಹೊಣೆಗಳನ್ನೂ ಅದು ಹೊರಬಲ್ಲದು. ಆದರೆ ಅದರ ರಕ್ತದ ಗುಣ ಹೆತ್ತವರದ್ದು. ಮದುವೆಯಾಗಿ ಹೋದ ಮಗಳ ವಿಷಯ ಇನ್ನೊಂದು ಬಗೆಯದು. ತಂದೆಯ ಆಸ್ತಿ ಮತ್ತು ಗುಣ ಎರಡೂ ಅವಳಿಗೆ ಬಂದಿರುತ್ತವೆ, ಒಕ್ಕದ ಹೆಸರು ಮಾತ್ರ ಬದಲಾಗುತ್ತದೆ. ಅವಳ ಮಕ್ಕಳಲ್ಲಿ ತಾತನ ಮುಖಚಹರೆ ಇರುತ್ತದೆ, ತಾತನ ಒಕ್ಕದ ಹೆಸರು ಇರುವುದಿಲ್ಲ. ಗಂಡು ಸಂತಾನವಿಲ್ಲದ ಒಕ್ಕ ಅಳಿಯಬಾರದೆಂದು ಕೊಡವರಲ್ಲಿ ಮಕ್ಕ ಪರ್ಜೆಯಂತಹ ಪದ್ಧತಿ ಬೆಳೆದು, ಮಗಳ ಮಕ್ಕಳೇ ತಾಯಿಯ ಒಕ್ಕದ ಹೆಸರನ್ನು ಮುಂದುವರಿಸಲು ಅವಕಾಶವಾಯಿತು. ಹೆಸರು ರಕ್ತದ ಜೊತೆಗೆ ತಾನಾಗಿ ಹರಿಯುವುದಿಲ್ಲ, ಅದನ್ನು ಜನ ಸೇರಿ ದಾಟಿಸಬೇಕು ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು.

ಮೊದಲ ಭಾಗ: ಆಸ್ತಿ

ಆಸ್ತಿಯ ಪುಟಗಳನ್ನು ವಂಶವೃಕ್ಷದಿಂದಲೇ ಆರಂಭಿಸಬೇಕು. ಸರ್ವೆ ನಂಬರುಗಳು ಆಮೇಲೆ. ಇದನ್ನು ನಾನು ನಷ್ಟಪಟ್ಟು ಕಲಿತಿದ್ದೇನೆ. ನಮ್ಮ ದೊಡ್ಡಪ್ಪ ತೀರಿಕೊಂಡಾಗ ಅವರ ತಗಡಿನ ಪೆಟ್ಟಿಗೆಯಲ್ಲಿ ಕಂದಾಯದ ರಸೀದಿಗಳು ವರ್ಷವಾರು ದಾರ ಕಟ್ಟಿ ಇಟ್ಟದ್ದು ಸಿಕ್ಕಿತು. ಪೆಟ್ಟಿಗೆ ತೆರೆದರೆ ಏಲಕ್ಕಿಯ ವಾಸನೆ. ಹುಳ ಬೀಳದಿರಲೆಂದು ಕಾಗದಗಳ ನಡುವೆ ಏಲಕ್ಕಿ ಸಿಪ್ಪೆ ಹಾಕಿದ್ದರು. ಅಷ್ಟು ಜೋಪಾನ ಮಾಡಿದ ಮನೆಯಲ್ಲಿ ನಾವು ವಂಶವೃಕ್ಷ ಬರೆದುಕೊಡುವಾಗ ಗೋಣಿಕೊಪ್ಪಲಿನ ಕಡೆಗೆ ಕೊಟ್ಟಿದ್ದ ಅತ್ತೆಯ ಹೆಸರನ್ನು ಬಿಟ್ಟೆವು. ಮೋಸದ ಉದ್ದೇಶವಿರಲಿಲ್ಲ, 'ಅವರು ಬೇರೆ ಒಕ್ಕದವರಾದರಲ್ಲ' ಎಂಬ ಅಭ್ಯಾಸದ ಮಾತು ಕೈಯನ್ನು ನಡೆಸಿತು. ಖಾತೆ ಬದಲಾವಣೆಯ ಹಂತದಲ್ಲಿ ಅತ್ತೆ ತಕರಾರು ಹಾಕಿದರು, ಹಾಕಬೇಕಾದದ್ದೇ ಆಗಿತ್ತು. ಎರಡು ವರ್ಷ ಕಡತ ಅಲ್ಲೇ ಕುಳಿತಿತ್ತು. ಆ ಎರಡು ವರ್ಷವೂ ಸುಗ್ಗಿಯ ಹಬ್ಬವಾದ ಪುತ್ತರಿಗೆ ಅತ್ತೆ ಬರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಆದ್ದರಿಂದ ಸತ್ತವರು, ಇರುವವರು, ಮದುವೆಯಾಗಿ ಹೋದವರು, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವವರು, ಹೀಗೆ ಒಬ್ಬರನ್ನೂ ಬಿಡದೆ ಬರೆಯಿರಿ. ಸತ್ತವರ ಮುಂದೆ ಮರಣದ ದಿನಾಂಕ ಇರಲೇಬೇಕು, ಏಕೆಂದರೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಹಲವೊಮ್ಮೆ ಆ ದಿನಾಂಕದ ಮೇಲೆ ನಿಲ್ಲುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ ಪ್ರಮಾಣಪತ್ರ ಪಡೆದರೆ ಮುಂದಿನ ಕೆಲಸ ಹಗುರವಾಗುತ್ತದೆ. ಅದು ತಪ್ಪಿದರೆ ವಿಳಂಬ ನೋಂದಣಿಯ ಸುತ್ತಾಟ ಬೇರೆ.

ಆಮೇಲೆ ಪ್ರತಿಯೊಂದು ಜಾಗದ ಮುಂದೆ ಅದು ಹೇಗೆ ಬಂತೆಂದು ಬರೆಯಬೇಕು. 'ಪಿತ್ರಾರ್ಜಿತ' ಎಂಬ ಪದವನ್ನು ನಾವು ತಂದೆಯಿಂದ ಬಂದ ಎಲ್ಲಕ್ಕೂ ಬಳಸುತ್ತೇವೆ, ಆದರೆ ಕಾನೂನು ಹಾಗೆ ನೋಡುವುದಿಲ್ಲ. ತಂದೆ ತನ್ನ ದುಡಿಮೆಯಿಂದ ಕೊಂಡ ತೋಟವು ಉಯಿಲಿಲ್ಲದೆ ಅವರು ತೀರಿಕೊಂಡಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ವಾರಸುದಾರರಿಗೆ ಹೋಗುತ್ತದೆ, ಮತ್ತು ಹಾಗೆ ಬಂದ ಪಾಲು ಮಗನ ಸ್ವಂತ ಸ್ವತ್ತು. ಅದರಲ್ಲಿ ಮೊಮ್ಮಗನಿಗೆ ಹುಟ್ಟಿನಿಂದ ಹಕ್ಕು ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ಅವಿಭಕ್ತ ಕುಟುಂಬದ ಆಸ್ತಿಯಾದರೆ ಲೆಕ್ಕವೇ ಬೇರೆ. ಈ ಎರಡನ್ನು ಬೇರ್ಪಡಿಸದೆ ಪಾಲಿನ ಮಾತಿಗೆ ಕೂರಬೇಡಿ.

8ನೇ ಕಲಮಿನ ಮೊದಲ ವರ್ಗದ ವಾರಸುದಾರರಲ್ಲಿ ಮಗ, ಮಗಳು, ಹೆಂಡತಿ ಮತ್ತು ತಾಯಿ ಮುಖ್ಯರು, ಅವರ ಪಾಲು ಸಮಾನ. ತೀರಿಕೊಂಡವರ ತಂದೆ ಈ ಪಟ್ಟಿಯಲ್ಲಿಲ್ಲ, ತಾಯಿ ಇದ್ದಾರೆ. ಎಷ್ಟೋ ಮನೆಗಳಲ್ಲಿ ಮಗನನ್ನು ಕಳೆದುಕೊಂಡ ವೃದ್ಧ ತಾಯಿಯ ಪಾಲನ್ನು ಮರೆತೇಬಿಡುತ್ತಾರೆ. ಹೆಂಡತಿ, ತಾಯಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳನ್ನು ಬಿಟ್ಟುಹೋದ ವ್ಯಕ್ತಿಯ ಸ್ವಯಾರ್ಜಿತ ತೋಟವು ಐದು ಸಮಪಾಲಾಗುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಮಗಳನ್ನೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳನ್ನಾಗಿ ಮಾಡಿತು. ಆ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ. ಹೆಣ್ಣುಮಕ್ಕಳಿಗೆ ಪಾಲಿಲ್ಲ ಎಂಬ ಹಳೆಯ ವಾಡಿಕೆಯನ್ನು ಮುಂದೆ ಹಿಡಿಯುವವರು ಇಂದಿಗೂ ಇದ್ದಾರೆ. ಕಾಯ್ದೆಯ 4ನೇ ಕಲಮು, ಕಾಯ್ದೆಗೆ ವಿರುದ್ಧವಾದ ವಾಡಿಕೆಗೆ ಬಲವಿಲ್ಲವೆಂದು ನೇರವಾಗಿ ಹೇಳುತ್ತದೆ.

ಈ ಕಾಯ್ದೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಕೊಡಗಿನ ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದೆ. ಪರಿಶಿಷ್ಟ ಪಂಗಡದವರನ್ನು ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಅಧಿಸೂಚಿಸದ ಹೊರತು ಹಿಂದೂ ಉತ್ತರಾಧಿಕಾರ ಕಾಯ್ದೆ ತನ್ನೊಳಗೆ ತೆಗೆದುಕೊಳ್ಳುವುದಿಲ್ಲ. ಜೇನುಕುರುಬ, ಯರವ ಹಾಡಿಗಳ ಕುಟುಂಬಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಗುವ ಹಕ್ಕುಪತ್ರದ ಸ್ವರೂಪವನ್ನು ಗಮನಿಸಬೇಕು: ಆ ಭೂಮಿ ವಾರಸಾಗಿ ಮಕ್ಕಳಿಗೆ ಹೋಗುತ್ತದೆ, ಆದರೆ ಅದನ್ನು ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ, ದಂಪತಿಗಳಾದರೆ ಇಬ್ಬರ ಹೆಸರೂ ಪತ್ರದಲ್ಲಿರಬೇಕು. ಪಡೆಯುವುದಕ್ಕೂ ಮಾರುವುದಕ್ಕೂ ನಂಟಿಲ್ಲದ ಇಂತಹ ಒಡೆತನವನ್ನು ನೋಡಿದಾಗ, ವಾರಸು ಎಂದರೆ ಮುಂದಿನವರಿಗಾಗಿ ಕಾಯ್ದುಕೊಳ್ಳುವುದು ಎಂಬ ಅರ್ಥವೇ ಹೆಚ್ಚು ಹಳೆಯದೆಂದು ನನಗೆ ತೋರುತ್ತದೆ.

ಕೊಡಗಿನ ಒಕ್ಕಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಳೆಯ ಸ್ವರೂಪವೂ ಇದಕ್ಕೆ ದೂರವಿರಲಿಲ್ಲ. ಗದ್ದೆಗೆ ಹೊಂದಿಕೊಂಡ ಬಾಣೆ ಎಂಬ ಮರಗಳ ಜಾಗ ಇರುತ್ತಿದ್ದುದು ಸೌದೆ, ಸೊಪ್ಪು, ದನದ ಮೇವಿಗೆ. ಜಮೀನು ಒಕ್ಕದ್ದು, ಅದನ್ನು ಮಾರಲು ಒತ್ತೆಯಿಡಲು ನಿರ್ಬಂಧವಿತ್ತು. ಈಗ ಬಾಣೆಯಲ್ಲಿ ಕಾಫಿ ಬೆಳೆದು ನಿಂತಿದೆ, ಆದರೆ ದಾಖಲೆಯಲ್ಲಿ ಹಳೆಯ ಪಟ್ಟೇದಾರರ ಹೆಸರು ಹಲವೆಡೆ ಹಾಗೆಯೇ ಉಳಿದಿದೆ. ಇಲ್ಲಿಯೇ ಆಸ್ತಿ ಮತ್ತು ಹೊಣೆ ಒಂದರೊಳಗೊಂದು ಸಿಕ್ಕಿಕೊಳ್ಳುವುದು. ಪಟ್ಟೇದಾರನು ಒಕ್ಕದ ಪರವಾಗಿ ಕಂದಾಯ ಕಟ್ಟುವ, ಕಾಗದಕ್ಕೆ ಸಹಿ ಹಾಕುವ, ಐನ್‌ಮನೆಯ ಕಾರ್ಯ ನಡೆಸುವ ಹಿರಿಯ. ಅವನ ಹೆಸರು ಪಹಣಿಯಲ್ಲಿರುವುದು ಆ ಹೊಣೆಯ ಗುರುತು. ಅದನ್ನು ಅವನ ಸ್ವಂತ ಆಸ್ತಿಯ ಗುರುತೆಂದು ಅವನ ಮಕ್ಕಳು ತಿಳಿದರೆ ದಾಯಾದಿಗಳೆಲ್ಲ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ನಿಮ್ಮ ಪುಸ್ತಕದಲ್ಲಿ ಜಮ್ಮಾ ಜಾಗದ ಪ್ರತಿ ಸರ್ವೆ ನಂಬರಿನ ಮುಂದೆ ಪಟ್ಟೇದಾರರ ಹೆಸರು, ಸಹಭಾಗಿ ಕುಟುಂಬಗಳು ಮತ್ತು ಸದ್ಯ ಸಾಗುವಳಿ ಮಾಡುತ್ತಿರುವವರು ಎಂದು ಮೂರು ಬೇರೆ ಬೇರೆ ಸಾಲುಗಳಿರಲಿ. ಮರ ಕಡಿಯುವ ಯೋಚನೆಯಿದ್ದರೆ ಜಾಗ ರಿಡೀಮ್ಡ್ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು) ಆಗಿದೆಯೇ ಅನ್‌ರಿಡೀಮ್ಡ್ (ಬಿಡಿಸಿಕೊಳ್ಳದ್ದು) ಆಗಿದೆಯೇ ಎಂಬುದನ್ನೂ ಬರೆದುಕೊಳ್ಳಿ, ಏಕೆಂದರೆ ಭೂಮಿ ನಿಮ್ಮದಾಗಿದ್ದು ಅದರ ಮೇಲಿನ ಮರ ಸರ್ಕಾರದ್ದಾಗಿರುವ ಸ್ಥಿತಿ ಕೊಡಗಿನಲ್ಲಿ ಅಪರೂಪವಲ್ಲ. ಜಮ್ಮಾ ವಿಷಯದಲ್ಲಿ ಕಾನೂನು ತಿದ್ದುಪಡಿಯಾಗುತ್ತ ಬಂದಿರುವುದರಿಂದ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಭೂವ್ಯಾಜ್ಯಗಳನ್ನು ನಡೆಸಿ ಅನುಭವವಿರುವ ವಕೀಲರನ್ನು ಒಮ್ಮೆ ಕಾಣದೆ ಮುಂದುವರಿಯಬಾರದು.

ಕಾಗದದ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ. ಮರಣ ಪ್ರಮಾಣಪತ್ರ ಮತ್ತು ದೃಢೀಕೃತ ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಟ್ಟರೆ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಪಹಣಿಗೆ ಏರುತ್ತದೆ. ಪಾಲು ಮಾಡಿಕೊಳ್ಳುವುದಾದರೆ 11ಇ ನಕ್ಷೆ (ಪಾಲುಗಳ ಗಡಿ ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ವಿಭಾಗಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಪಹಣಿಯಲ್ಲಿ ಹೆಸರು ಏರಿದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ, ಹೆಸರು ತಪ್ಪಿದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಅದು ಕಂದಾಯದ ದಾಖಲೆ. ಬ್ಯಾಂಕ್ ಠೇವಣಿಯ ನಾಮಿನಿಯೂ ಹಾಗೆಯೇ, ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವನು. ಸಾಲವನ್ನೂ ಬರೆಯಿರಿ: ತೀರಿಕೊಂಡವರ ಸಾಲಕ್ಕೆ ವಾರಸುದಾರರು ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಬಾಧ್ಯರು. ಪಾಲುದಾರರಲ್ಲೊಬ್ಬರು ತಮ್ಮ ಭಾಗವನ್ನು ಮಾರಲು ಹೊರಟರೆ ಉಳಿದ ಮೊದಲ ವರ್ಗದ ವಾರಸುದಾರರಿಗೆ ಅದನ್ನು ಮೊದಲು ಕೊಳ್ಳುವ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮು ಕೊಡುತ್ತದೆ. ಇದು ಕೃಷಿ ಭೂಮಿಗೂ ಅನ್ವಯಿಸುತ್ತದೆ. ರೆಸಾರ್ಟಿನವರ ಕೈಗೆ ಹೋಗಬಹುದಾದ ತೋಟವೊಂದು ಮನೆಯಲ್ಲೇ ಉಳಿಯಲು ಈ ಒಂದು ಕಲಮು ಸಾಕಾಗಬಹುದು, ಆದರೂ ಇದನ್ನು ಬಲ್ಲವರು ಕಡಿಮೆ.

ಬದುಕಿರುವ ಹಿರಿಯರು ಉಯಿಲು ಬರೆಯಬಯಸಿದರೆ ಅಡ್ಡಿಮಾಡದೆ ನೆರವಾಗಿ. ಬಿಳಿ ಹಾಳೆ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರುವುದು ಲೇಸು.

ಎರಡನೆಯ ಭಾಗ: ಹೊಣೆ

ಈ ಭಾಗವನ್ನು ಬಹಳ ಮನೆಯವರು ಬರೆಯುವುದೇ ಇಲ್ಲ, ಆದ್ದರಿಂದಲೇ ಇಲ್ಲಿ ಹೆಚ್ಚು ನಷ್ಟವಾಗುತ್ತಿದೆ. ಪಟ್ಟೇದಾರರು ಯಾರು, ಅವರ ನಂತರ ವಯಸ್ಸಿನಲ್ಲಿ ಯಾರು. ಹಿರಿಯರ ಗುಡಿಯಾದ ಕೈಮಡದಲ್ಲಿ ಮೂಲಪುರುಷ ಗುರುಕಾರಣನಿಗೆ ದೀಪ ಇಡುವವರು ಯಾರು. ಊರಿನ ತಕ್ಕರ ಸ್ಥಾನ ನಿಮ್ಮ ಒಕ್ಕದ್ದಾದರೆ ಹಬ್ಬದ ದಿನ ನಿಲ್ಲಬೇಕಾದವರು ಯಾರು. ನೀವು ಯಾವ ಒಕ್ಕಕ್ಕೆ ಅರುವರು (ಕಾರ್ಯಗಳಲ್ಲಿ ಆ ಒಕ್ಕದ ಪರವಾಗಿ ನಿಂತು ಮಾತಾಡುವವರು), ನಿಮಗೆ ಯಾವ ಒಕ್ಕದವರು ಅರುವರು ಎಂಬುದೆಲ್ಲ ಇಲ್ಲಿ ಬರಬೇಕು. ಕೊಡವ ಮದುವೆಯಲ್ಲಿ ಸಂಬಂಧ ಅಡ್ಕುವಾಗ, ಅಂದರೆ ವಧುವನ್ನು ಗಂಡನ ಒಕ್ಕಕ್ಕೆ ಸೇರಿಸುವ ಶಾಸ್ತ್ರದಲ್ಲಿ, ಎರಡೂ ಕಡೆಯ ಅರುವರು ಎದುರುಬದುರು ನಿಂತು ಮಾತಾಡುವುದನ್ನು ನೋಡಿದವರಿಗೆ ಗೊತ್ತಿರುತ್ತದೆ: ವಧುವಿನ ಪರವಾಗಿ ಕೈ ಬದಲಾಗುವ ಆ ಪುಟ್ಟ ಕಲ್ಲುಗಳು ಗಂಡನ ಒಕ್ಕದಲ್ಲಿ ಅವಳಿಗೆ ಸಿಗುವ ಹಕ್ಕಿನ ಗುರುತು. ಕಲ್ಲಿಗೆ ಬೆಲೆಯಿಲ್ಲ. ಆ ಮಾತನ್ನು ತಪ್ಪಿಲ್ಲದೆ ಆಡಲು ಬಲ್ಲ ಒಬ್ಬ ಅರುವನಿರಬೇಕು, ಅವನು ಅದನ್ನು ಇನ್ನೊಬ್ಬರಿಂದ ಕೇಳಿ ಕಲಿತಿರಬೇಕು.

ಹೊಣೆಗೆ ಪೌತಿ ಖಾತೆಯಿಲ್ಲ. ಹಿರಿಯ ಮಗನಾಗಿ ಹುಟ್ಟಿದ್ದರಿಂದ ಸ್ಥಾನ ಸಿಗಬಹುದು, ಹಬ್ಬ ಮದುವೆಗಳಲ್ಲಿ ಹಾಡುವ ಬಾಳೋ ಪಾಟ್ ಬಾಯಿಗೆ ಬರುವುದಿಲ್ಲ. ಆದ್ದರಿಂದ ಪ್ರತಿ ಹೊಣೆಯ ಮುಂದೆ ಈಗ ಮಾಡುತ್ತಿರುವವರ ಹೆಸರಿನ ಜೊತೆಗೆ ಕಲಿಯುತ್ತಿರುವವರ ಹೆಸರನ್ನೂ ಬರೆಯಿರಿ. ಎರಡನೆಯ ಸಾಲು ಖಾಲಿಯಿದ್ದರೆ ಆ ಹೊಣೆ ಒಂದು ಸಾವಿನ ದೂರದಲ್ಲಿದೆ ಎಂದೇ ತಿಳಿಯಬೇಕು. ಮನಸ್ಸಿಲ್ಲದವರ ಮೇಲೆ ಹೇರಬೇಡಿ. ಹೊಣೆಯನ್ನು ಬೇಡವೆಂದು ಹೇಳಿದವರ ಆಸ್ತಿಯ ಪಾಲು ಅದರಿಂದ ಕಡಿಮೆಯಾಗುವುದಿಲ್ಲ, ಹೊಣೆ ಹೊತ್ತವರ ಪಾಲು ಅದರಿಂದ ಹೆಚ್ಚುವುದೂ ಇಲ್ಲ. ಐನ್‌ಮನೆಯಲ್ಲಿದ್ದು ಮಾಡು ರಿಪೇರಿ ಮಾಡಿಸಿ ನೆಲ್ಲಕ್ಕಿಯಲ್ಲಿ (ನಡುಮನೆಯಲ್ಲಿ) ದೀಪ ಹಚ್ಚುವವರ ಖರ್ಚನ್ನು ಎಲ್ಲರೂ ಸೇರಿ ಕೊಡುವುದು ನ್ಯಾಯ. ಅದನ್ನು ಪ್ರತ್ಯೇಕ ಲೆಕ್ಕವಾಗಿ ಬರೆದಿಡಿ, ಪಾಲಿನೊಳಗೆ ತುರುಕಬೇಡಿ.

ಕೋವಿಯ ವಿಷಯವನ್ನು ಎರಡೂ ಭಾಗಗಳಲ್ಲಿ ಬರೆಯಬೇಕಾಗುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ ಮುಂದುವರಿಸಿದೆ. ಆಯುಧಗಳ ಹಬ್ಬವಾದ ಕೈಲ್‌ಪೊಳ್ದಿಗೆ ಪೂಜೆಗಿಡುವ ಕೋವಿ ವಸ್ತುವಾಗಿ ಆಸ್ತಿಯೇ ಹೌದು, ಆದರೆ ಅಜ್ಜನ ಹೆಸರಿನ ವಿನಾಯಿತಿ ಪತ್ರ ಮೊಮ್ಮಗನ ಕೈಗೆ ತಾನಾಗಿ ಬರುವುದಿಲ್ಲ. ಹಿರಿಯರು ತೀರಿಕೊಂಡ ಕೂಡಲೇ ಅದನ್ನು ಯಾರ ಹೆಸರಿಗೆ ಮಾಡಿಸಬೇಕೆಂದು ತೀರ್ಮಾನಿಸಿ ಅರ್ಜಿ ಹಾಕಿ.

ಮೂರನೆಯ ಭಾಗ: ಗುಣ

ಗುಣ ಹೇಗೆ ದಾಟುತ್ತದೆಂದು ತಿಳಿಯಲು ನಮಗೆ ಪಠ್ಯಪುಸ್ತಕದ ಬಟಾಣಿ ಗಿಡ ಬೇಕಿಲ್ಲ, ಸಸಿಮಡಿಯ ಮುಂದೆ ಕುಳಿತರೆ ಸಾಕು. ಬಿತ್ತಿದ ಸುಮಾರು ಒಂದೂವರೆ ತಿಂಗಳಿಗೆ ಕಾಫಿ ಸಸಿ ತಾನು ಹುಟ್ಟಿದ ಬೀಜವನ್ನೇ ತಲೆಯ ಮೇಲೆ ಟೋಪಿಯಂತೆ ಹೊತ್ತು ಮಣ್ಣಿನಿಂದ ಮೇಲೇಳುತ್ತದೆ. ಅರೇಬಿಕಾ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಗಿಡವಾದ್ದರಿಂದ ಅದರ ಸಸಿಗಳು ತಾಯಿಗಿಡವನ್ನು ಹೆಚ್ಚಾಗಿ ಹೋಲುತ್ತವೆ. ರೋಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗವೇ ಬೇಕು. ಒಳ್ಳೆಯ ಫಸಲು ಕೊಡುವ ರೋಬಸ್ಟಾ ಗಿಡದ ಬೀಜ ಬಿತ್ತಿದರೂ ಸಸಿಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ತಾಯಿಗಿಡದಂತೆಯೇ ಬೇಕೆಂದವರು ಕಸಿ ಕಟ್ಟುತ್ತಾರೆ. ಮನುಷ್ಯರು ಈ ವಿಷಯದಲ್ಲಿ ರೋಬಸ್ಟಾದವರು. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದು ಪ್ರತಿ ಮಗುವಿನಲ್ಲೂ ಹೊಸದಾಗಿ ಕಲೆಯುತ್ತದೆ. ಆದ್ದರಿಂದ 'ನಮ್ಮ ಒಕ್ಕದ ರಕ್ತ' ಎಂದು ತಂದೆಯ ಕಡೆಯೊಂದನ್ನೇ ಎಣಿಸುವುದು ಹೆಸರಿನ ಮಟ್ಟಿಗೆ ಸರಿ, ಶರೀರದ ಮಟ್ಟಿಗೆ ತಪ್ಪು. ಈ ಭಾಗದಲ್ಲಿ ಅಮ್ಮನ ತವರು, ಅಜ್ಜಿಯ ತವರು ಎರಡೂ ಬರಬೇಕು.

ಬರೆಯಬೇಕಾದದ್ದು ಆರೋಗ್ಯದ ಸಂಗತಿ: ಯಾರಿಗೆ ಯಾವ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಬಂತು, ಯಾವ ಕ್ಯಾನ್ಸರ್, ಯಾರು ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ಕೆಲವು ಕಾಯಿಲೆಗಳಲ್ಲಿ ಲೆಕ್ಕ ಖಚಿತವಾಗಿದೆ. ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯಲ್ಲಿ ತಂದೆ ತಾಯಿ ಇಬ್ಬರೂ ವಾಹಕರಾಗಿದ್ದು, ಇಬ್ಬರೂ ಆರೋಗ್ಯವಾಗಿಯೇ ಕಾಣುತ್ತಿದ್ದರೂ, ಪ್ರತಿ ಬಸಿರಿನಲ್ಲಿ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂದಿದ್ದರೆ ಮುಂದಿನ ಮೂವರು ಕ್ಷೇಮ ಎಂದು ಇದರ ಅರ್ಥವಲ್ಲ. ಪ್ರತಿ ಸಲವೂ ಅದೇ ನಾಲ್ಕರಲ್ಲಿ ಒಂದು. ಇದನ್ನು ತಡೆಯುವ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಆರಂಭವಾಗಿದ್ದು, ಬುಡಕಟ್ಟು ಜನರಿರುವ ಪ್ರದೇಶಗಳಲ್ಲಿ 40 ವರ್ಷದವರೆಗಿನವರ ರಕ್ತಪರೀಕ್ಷೆ ಅದರ ಮುಖ್ಯ ಕೆಲಸ. ಹಾಡಿಗೆ ಆರೋಗ್ಯ ಕಾರ್ಯಕರ್ತೆಯರು ಬಂದಾಗ ಪರೀಕ್ಷೆ ಮಾಡಿಸಿಕೊಂಡು ಆ ಚೀಟಿಯನ್ನು ಹಕ್ಕುಪತ್ರದಷ್ಟೇ ಜೋಪಾನವಾಗಿ ಇಡಬೇಕು, ಮದುವೆಯ ಮಾತಿಗೆ ಮೊದಲು ಅದನ್ನು ನೋಡಬೇಕು.

ಶೌರ್ಯ, ಹಾಕಿ, ಮುಂಗೋಪ ಇವುಗಳನ್ನು ಈ ಭಾಗದಲ್ಲಿ ಬರೆಯಬೇಡಿ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಸೈನ್ಯವೂ ಹಾಕಿಯೂ ರಕ್ತದಲ್ಲಿವೆ ಎನ್ನುವುದು ಪ್ರೀತಿಯ ಮಾತು. ಆದರೆ 1997ರಲ್ಲಿ ಕರಡದಲ್ಲಿ ಒಕ್ಕಗಳ ನಡುವಿನ ಹಾಕಿ ಹಬ್ಬ ಆರಂಭವಾದ ಮೇಲೆ ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡುವುದನ್ನು ನೋಡುತ್ತಿದ್ದೇವೆ. ಅಲ್ಲಿಗೆ ಸೊಸೆಯಂದಿರೂ ಕೋಲು ಹಿಡಿದು ಇಳಿಯುತ್ತಾರೆ. ಅಂಗಳದಲ್ಲಿ ಕೋಲು ಒರಗಿಸಿಟ್ಟಿರುವ ಮನೆಯಲ್ಲಿ ಬೆಳೆದ ಮಗು ಅದನ್ನು ಎತ್ತಿಕೊಳ್ಳುತ್ತದೆ. ಅದು ಕಲಿಸಿದ್ದು, ಆದ್ದರಿಂದ ಎರಡನೆಯ ಭಾಗಕ್ಕೆ ಸೇರಬೇಕು. ಹಾಗೆಯೇ 'ನಮ್ಮ ಮನೆಯವರಿಗೆ ಕುಡಿತ ಬಿಡಲಾಗುವುದಿಲ್ಲ, ಅದು ವಂಶದಲ್ಲೇ ಇದೆ' ಎಂಬ ಮಾತನ್ನು ಮಕ್ಕಳ ಮುಂದೆ ಆಡಬೇಡಿ. ಒಲವು ವಂಶದಿಂದ ಸ್ವಲ್ಪ ಬರಬಹುದು, ಲೋಟ ಯಾರೋ ಕೈಗೆ ಕೊಟ್ಟದ್ದು.

ಪುಸ್ತಕ ಬರೆದು ಮುಗಿದ ಮೇಲೆ ಅದನ್ನು ಒಬ್ಬರ ಬೀರುವಿನಲ್ಲಿ ಇಡಬೇಡಿ. ಪುತ್ತರಿಯ ದಿನ ಕದಿರು ತೆಗೆಯಲು ಎಲ್ಲ ಕವಲಿನವರೂ ಐನ್‌ಮನೆಗೆ ಬಂದಿರುತ್ತಾರೆ. ಸಂಜೆ ಗದ್ದೆಗೆ ಹೊರಡುವ ಮೊದಲು ನೆಲ್ಲಕ್ಕಿಯಲ್ಲಿ ಕುಳಿತು ಮೊದಲ ಎರಡು ಭಾಗಗಳನ್ನು ಗಟ್ಟಿಯಾಗಿ ಓದಿಸಿ, ತಪ್ಪಿದ ಹೆಸರನ್ನು ಅಲ್ಲಿಯೇ ಸೇರಿಸಿ, ಪುಟದ ಕೆಳಗೆ ಎಲ್ಲರ ಸಹಿ ಹಾಕಿಸಿ. ಮೂರನೆಯ ಭಾಗ ಆಯಾ ಮನೆಯವರಿಗೆ ಮಾತ್ರ ತಿಳಿದರೆ ಸಾಕು. ಅದನ್ನು ಬೇರೆ ಹೊಲಿದಿಡಿ. ಪ್ರತಿ ಕವಲಿಗೂ ಒಂದು ನಕಲು ಕೊಡಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಒಂದೊಂದು. ನಮ್ಮ ಮನೆಯ ಪುಸ್ತಕದ ವಂಶವೃಕ್ಷದಲ್ಲಿ ಅತ್ತೆಯ ಹೆಸರು ಈಗ ಅವರದೇ ಕೈಬರಹದಲ್ಲಿದೆ.